ಕುಡಿಯದೆ ಇಟ್ಟ ಕಾಫಿ

ಅಬು ಗಾಲಿಬರನ್ನು ನಾನು ಮೊದಲು ಕಂಡದ್ದು ಅರಬ್ ಮರುಭೂಮಿಯಂಚಿನ ಮಫ್ರಕ್ ಊರಾಚೆಯ ಅವರ ಕೋಳಿ ಶೆಡ್ಡಿನೊಳಗೆ, ಜಮಖಾನದ ಮೇಲೆ. ಅವರ ನೆರೆಯ ಹಾಜಿ ದಯ್ಫುಲ್ಲಾ ನನ್ನನ್ನು ಕರೆದೊಯ್ದಿದ್ದರು. ಹೊರಗೆ ಕಲ್ಲೂ ಬೆವರುವಂಥ ಬಿಸಿಲು; ಒಳಗೆ ತಂಗಾಳಿ. ಅವರು ಬಾಗಿಲನ್ನು ಪೂರ್ತಿ ತೆರೆದು, "ಬನ್ನಿ ಮೇಷ್ಟ್ರೇ. ನಮ್ಮಜ್ಜನ ಗುಡಾರಕ್ಕೆ ಬಾಗಿಲೇ ಇರಲಿಲ್ಲ" ಎಂದು ಏಲಕ್ಕಿ ಕಾಫಿ ಬಗ್ಗಿಸಿದರು.

"ಕೋಳಿಯೂ ಇರಲಿಲ್ಲ," ಎಂದಿತು ಹಿಂದಿನಿಂದ ಒಂದು ಧ್ವನಿ. ಅದು ಅವರ ಹೆಂಡತಿ ತುರ್ಫಾ.

ಹಿಂದಿನ ಬೇಸಿಗೆಯ ಬಿಸಿಗಾಳಿಗೆ ಶೆಡ್ಡಿನ ಅರ್ಧ ಕೋಳಿಗಳು ಸತ್ತಿದ್ದವು. ಗುಂಡಿ ತೋಡಿ ಹೂತವಳು ತುರ್ಫಾ. ಇನ್ನೊಮ್ಮೆ ಹಾಗಾದರೆ ಶೆಡ್ಡಿಗೆ ಬೀಗ ಹಾಕುವುದೇ ಸರಿ ಎಂದಿದ್ದಳು. ಆಮೇಲೆ ಬಂದವು ಜೇನುಗೂಡಿನಂಥ ರಟ್ಟಿನ ಪ್ಯಾಡುಗಳು. ಒಂದು ಕೊನೆಯಲ್ಲಿ ಅವುಗಳ ಮೇಲೆ ಸದಾ ನೀರು ಇಳಿಯುತ್ತದೆ; ಇನ್ನೊಂದು ಕೊನೆಯ ಫ್ಯಾನುಗಳು ಗಾಳಿಯನ್ನು ಹೊರಗೆಳೆಯುತ್ತವೆ. ಒಳಬರುವ ಗಾಳಿಯೆಲ್ಲ ಆ ಒದ್ದೆ ಪ್ಯಾಡುಗಳನ್ನು ಹಾದೇ ಬರಬೇಕು. ಆಗಲೇ ತಂಪು.

ಕೋಳಿಗಳಿಗೆಂದು ಬಂದ ಈ ಸೌಭಾಗ್ಯವನ್ನು ಅಬು ಗಾಲಿಬರು ಊರಿಗೇ ಧಾರೆಯೆರೆದರು. ವಾರದೊಳಗೆ ಅವರ ಅತಿಥಿಶಾಲೆಯು ಶೆಡ್ಡಿಗೆ ಚಿತ್ತೈಸಿತು. (ವಾಸನೆಯೆ? ಎರಡನೆಯ ಬಟ್ಟಲಿನ ಹೊತ್ತಿಗೆ ಮೂಗು ಒಗ್ಗುತ್ತದೆ.) ಒಬ್ಬರು ಬರುವಾಗ ಬಾಗಿಲು ತೆರೆಯಿತು, ಇನ್ನೊಬ್ಬರು ಬರುತ್ತಾರೆಂದು ತೆರೆದೇ ಉಳಿಯಿತು.

"ಗಾಳಿನೂ ನಿಮ್ಮ ಹಾಗೇ ಸೋಮಾರಿ," ಎಂದಳು ತುರ್ಫಾ. "ಬಾಗಿಲು ತೆಗೆದಿದ್ರೆ ಒದ್ದೆ ದಾರಿ ಯಾಕೆ ಹಿಡೀತದೆ?" ಪ್ಯಾಡಿನ ಮುಂದೆ ತಲೆವಸ್ತ್ರದ ತುದಿ ಹಿಡಿದು ತೋರಿಸಿದಳು. ಹಾರಾಡಬೇಕಾದ ಬಟ್ಟೆ ಜೋತುಬಿದ್ದಿತ್ತು.

"ಬಟ್ಟೆ ದಪ್ಪ ಇದೆ," ಎಂದರು ಅಬು ಗಾಲಿಬರು.

"ಕೋಳಿ ಬಾಯಿ ಬಿಡ್ತಿರೋದೂ ಬಟ್ಟೆ ದಪ್ಪ ಅಂತಲಾ?"

"ಬಾಗಿಲು ಹಾಕಿ ಅಂತ ಅತಿಥಿಗೆ ಹೇಳೋ ನಾಲಿಗೆ ನಮ್ಮ ವಂಶದಲ್ಲಿ ಹುಟ್ಟಿಲ್ಲ ಕಣೆ."

ಅದು ನಿಜವೇ. ಆ ಸೀಮೆಯಲ್ಲಿ ಬೇಡಿಕೆ ಹೊತ್ತು ಬಂದವನು ಕಾಫಿಯನ್ನು ಕುಡಿಯದೆ ಮುಂದಿಟ್ಟು ಕೂರುತ್ತಾನೆ. ಬೇಡಿಕೆ ಏನೆಂದು ಕೇಳುವ ಮೊದಲೇ "ಕುಡಿ, ಕೊಟ್ಟೆ" ಎನ್ನುವವನು ದೊಡ್ಡ ಮನುಷ್ಯ. ಅಬು ಗಾಲಿಬರು ಯಾರ ಬಟ್ಟಲನ್ನೂ ಆರಗೊಟ್ಟವರಲ್ಲ. ಆದರೆ ರಾತ್ರಿ ನಿದ್ದೆ ಬಾರದಿದ್ದಾಗ ಅವರ ಕಣ್ಣಿಗೆ ಕಾಣುತ್ತಿದ್ದುದು ಬಾಯಿ ಬಿಟ್ಟ ಕೋಳಿಗಳೇ.

ಬಿಸಿಗಾಳಿ ಮತ್ತೆ ಬೀಸಿದ ದಿನ ಜಮಖಾನದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಬಳಿಯ ಕೋಳಿಗಳು ರೆಕ್ಕೆ ಅಗಲಿಸಿ ಏದುತ್ತಿದ್ದವು. ಒಂದು ಹಾಜಿಯವರ ಪಾದದ ಬಳಿಯೇ ಕುಸಿಯಿತು. ತುರ್ಫಾ ಅದನ್ನೆತ್ತಿಕೊಂಡು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ತೆರೆದೇ ಇದ್ದ ಬಾಗಿಲನ್ನು ಯಾರೋ ತಟ್ಟಿದರು.

"ಅಸ್ಸಲಾಮು ಅಲೈಕುಂ," ಎಂದು ತುರ್ಫಾ ಒಳಗೆ ಬಂದು ಜಮಖಾನದ ಅಂಚಿನಲ್ಲಿ ಕುಳಿತಳು.

"ಇದೇನೇ ಇದು?"

"ಬಾಗಿಲು ತಟ್ಟಿ ಬಂದಿದ್ದೀನಿ. ಅತಿಥಿ ಅಲ್ವಾ?"

ಕೂತವರಿಗೆ ಕಾಫಿ ಬಗ್ಗಿಸುವುದು ಅಬು ಗಾಲಿಬರ ಕೈಯ ಹುಟ್ಟುಗುಣ, ಬಗ್ಗಿಸಿತು. ತುರ್ಫಾ ಬಟ್ಟಲನ್ನು ತೆಗೆದುಕೊಂಡು ನೆಲದ ಮೇಲಿಟ್ಟಳು.

ಅಬು ಗಾಲಿಬರು ಹಾಜಿಯವರನ್ನು ನೋಡಿದರು.

"ನನ್ನನ್ನೇನು ನೋಡ್ತೀರಿ," ಎಂದರು ಹಾಜಿ ಗಡ್ಡ ಸವರುತ್ತಾ. "ಕಾಫಿ ಆರ್ತಾ ಇದೆ."

"ಕುಡಿ," ಎಂದರು ಅಬು ಗಾಲಿಬರು, ಮಗಳನ್ನು ಧಾರೆಯೆರೆದು ಕೊಡುವ ತಂದೆಯ ದನಿಯಲ್ಲಿ. "ಕೊಟ್ಟೆ."

ತುರ್ಫಾ ನಿಧಾನವಾಗಿ ಕುಡಿದು, ಸಾಕೆಂದು ಬಟ್ಟಲನ್ನು ಅಲುಗಾಡಿಸಿ ಹಿಂದಿರುಗಿಸಿದಳು. "ಈ ಬಾಗಿಲು ನನ್ನದು. ಸೆಕೆ ಕಳೆಯೋತನಕ ಅತಿಥಿಗಳು ಆಚೆ ಕಡೆ, ಅತಿಥಿಗಳ ಯಜಮಾನರೂ ಆಚೆ ಕಡೆ."

ಎಲ್ಲರೂ ಎದ್ದರು. ಕೊನೆಯವರು ದಾಟಿದ ಮೇಲೆ ಬಾಗಿಲು ಮುಚ್ಚಿತು. ಆಮೇಲೆ ಆ ಬೇಸಿಗೆಯೆಲ್ಲ ಶೆಡ್ಡಿನ ಹಿಂದೆ ಗುಂಡಿ ತೋಡಬೇಕಾಗಲಿಲ್ಲ.

ಸೆಕೆ ಕಳೆದು ಮೂರು ಚಳಿಗಾಲಗಳಾದವು. ಬಾಗಿಲು ಇನ್ನೂ ತುರ್ಫಾಳದೇ. ಈಗ ಅಬು ಗಾಲಿಬರು ಹೊರಗೆ ನೀಲಗಿರಿ ಮರದಡಿ ಕಾಫಿ ಕಾಯಿಸುತ್ತಾರೆ. ತಂಪಿಗೆಂದು ಬರುತ್ತಿದ್ದವರು ಬರುವುದಿಲ್ಲ, ಹಾಜಿ ಬರುತ್ತಾರೆ. ಬಿಸಿಲು ತಡೆಯಲಾರದಾದಾಗ ಯಜಮಾನರು ಸ್ವಂತ ಶೆಡ್ಡಿನ ಬಾಗಿಲು ತಟ್ಟುತ್ತಾರೆ.

"ಯಾರು?"

"ನಾನು ಕಣೆ."

"ಅತಿಥಿಯಾಗಿಯೋ, ಕೆಲಸಕ್ಕೋ?"

"ಕೆಲಸಕ್ಕೆ," ಎನ್ನುತ್ತಾರೆ ಅವರು. ಪ್ಯಾಡು ತೊಳೆಯುವ ಬಕೀಟು ಎತ್ತಿಕೊಂಡು, ಮೈ ನುಸುಳುವಷ್ಟೇ ಸಂದು ಮಾಡಿ ಒಳಗೆ ಹೋಗಿ, ಹಿಂದೆ ಬರುತ್ತಿರುವ ಹಾಜಿಯವರ ಮುಖದ ಮೇಲೆಯೇ ಬಾಗಿಲು ಹಾಕಿಕೊಳ್ಳುತ್ತಾರೆ.