ನಾಯಿಯ ಮುಂದೆ ಕೂತ ವರ

ಹೂಗುಚ್ಛವನ್ನು ಕಾರಿನಲ್ಲೇ ಮರೆತು ಬಂದದ್ದೇ ನೆವ್ಜಾತನ ಗ್ರಹಚಾರಕ್ಕೆ ಮೂಲವಾಯಿತು. ಸಿವಾಸ್ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಮರ್ಯಾದಸ್ಥ, ಹೆಣ್ಣು ಕೇಳಲು ಬಂದವನು ಬರಿಗೈಯಲ್ಲಿ ಹೋಗುವುದುಂಟೇ? ತರಲು ಓಡಿದ. ತಿರುಗಿ ಬರುವಷ್ಟರಲ್ಲಿ ಅಮ್ಮನೂ ಸೋದರಮಾವನೂ ಒಳಗೆ ಸೇರಿಯಾಗಿತ್ತು. ಅವರ ಮಾತು ಕಿಟಕಿಯಿಂದ ಕೇಳುತ್ತಿತ್ತು. ನೆವ್ಜಾತ್ ಕೋಟಿನ ಗುಂಡಿ ಹಾಕಿಕೊಂಡು ಅಂಗಳಕ್ಕೆ ಕಾಲಿಟ್ಟ.

ಬಾಗಿಲ ಮುಂದೆ ಮಲಗಿದ್ದ ಕರಾಬಾಷ್ ಎದ್ದಿತು. ಏಳುತ್ತಲೇ ಇತ್ತು, ಏಳುವುದು ಮುಗಿಯಲೇ ಇಲ್ಲ. ತೋಳಗಳನ್ನು ಅಟ್ಟುವ ಕಾಂಗಾಲ್ ಜಾತಿಯ ಕುರಿನಾಯಿ. ಕರೀ ಮುಸುಡಿ, ಕೊರಳಲ್ಲಿ ಕಬ್ಬಿಣದ ಮುಳ್ಳಿನ ಪಟ್ಟಿ, ಕರುವಿನಷ್ಟು ಮೈ. ಒಮ್ಮೆ ಬೊಗಳಿ ನೇರ ಅವನತ್ತ ನುಗ್ಗಿತು.

ಆ ಸೀಮೆಯ ಮಕ್ಕಳಿಗೂ ಗೊತ್ತು: ಈ ನಾಯಿ ಮೇಲೆ ಬಂದರೆ ಓಡಬಾರದು, ನೆಲಕ್ಕೆ ಕೂತುಬಿಡಬೇಕು. ಕೂತವರನ್ನು ಅದು ಕಚ್ಚುವುದಿಲ್ಲ. ಆದರೆ ಅದರ ಕುರುಬ ಬಂದು ಕರೆಯುವ ತನಕ ಏಳಲು ಬಿಡುವುದೂ ಇಲ್ಲ. ನೆವ್ಜಾತ್ ಹೊಸ ಪ್ಯಾಂಟಿನ ಆಸೆ ಬಿಟ್ಟು ಕಿಟಕಿಯ ಕೆಳಗೇ ಮಣ್ಣಿನಲ್ಲಿ ಕೂತ. ಕರಾಬಾಷ್ ಅವನ ಮೂಗಿಗೆ ಮೂಗು ತಾಗುವಂತೆ ಎದುರಿಗೇ ಕೂತಿತು.

ಕೂಗಿ ಕರೆಯುವಂತಿರಲಿಲ್ಲ. "ಪುಕ್ಕಲನಿಗೆ ನನ್ನ ಮಗಳನ್ನ ಕೊಡಲ್ಲ" ಎಂದು ಗುಲಿಜಾರಳ ಅಪ್ಪ, ಕುರಿಮಂದೆಯ ಯಜಮಾನ ಬೇಕಿರ್ ಆಗಾ ಊರಿಗೆಲ್ಲ ಕೇಳುವಂತೆ ಸಾರಿದ್ದ. ನೆವ್ಜಾತನೋ ನಾಯಿಮರಿ ಕಂಡರೂ ರಸ್ತೆಯ ಆಚೆ ಬದಿಗೆ ದಾಟಿಬಿಡುವವನು. ಅದು ಆಗಾನಿಗೆ ತಿಳಿದರೆ ಗುಲಿಜಾರ್ ಕೈತಪ್ಪಿದಳೆಂದೇ ಲೆಕ್ಕ.

"ಏನಪ್ಪಾ, ನೆಲದ ಮೇಲೇ ಕೂತ್ಬಿಟ್ಟೆ?" ಗೋಡೆಯಾಚೆಯಿಂದ ಒಂದು ತಲೆ ಮೇಲೆದ್ದಿತು. ಜರ್ಮನಿಯಲ್ಲಿ ದುಡಿದು ಬಂದ ಪಕ್ಕದ ಮನೆಯ ಹಿಲ್ಮಿ.

"ಇಲ್ಲಿ ಗಾಳಿ ಚೆನ್ನಾಗಿದೆ, ಹಿಲ್ಮಿ ಅಣ್ಣ."

"ಜರ್ಮನೀಲಿ ಇದಕ್ಕಿಂತ ಎತ್ತರದ ಜಾತಿ ಇದೆ ಕಣಯ್ಯ. ಮೇಜಿನ ಮೇಲಿರೋ ಸೂಪನ್ನ ನಿಂತ್ಕೊಂಡೇ ನೆಕ್ಕುತ್ತೆ."

"ಎತ್ತರ ಕಟ್ಕೊಂಡು ಏನ್ಮಾಡ್ತಿ?" ಹಿಲ್ಮಿಯ ಪಕ್ಕದಲ್ಲಿ ಇನ್ನೊಂದು ತಲೆ, ಎದುರುಮನೆಯ ಸಾತಿ ಅಕ್ಕ. "ತೋಳ ಬಂದ್ರೆ ನಿನ್ನ ಜರ್ಮನಿ ನಾಯಿ ಅದೇ ಮೇಜಿನ ಕೆಳಗೆ ಸೇರ್ಕೊಳ್ಳುತ್ತೆ. ಪ್ರಪಂಚದಲ್ಲೇ ದೊಡ್ಡ ನಾಯಿ ನಮ್ಮದೇ. ಮಗಾ ನೆವ್ಜಾತ್, ಸ್ವಲ್ಪ ಅದರ ಬಾಯಿ ತೆಗೆಸು, ಹಲ್ಲು ಇವನಿಗೆ ತೋರ್ಸೋಣ!"

"ಈಗ ಬೇಡಕ್ಕ. ಅದು ಏನೋ ಯೋಚನೆ ಮಾಡ್ತಾ ಇದೆ."

"ಹೋಗ್ಲಿ, ಎದ್ದು ನಿಲ್ಲು," ಎಂದ ಹಿಲ್ಮಿ. "ನಿನ್ನ ಸೊಂಟಕ್ಕೆ ಎಷ್ಟು ಬರುತ್ತೆ ನೋಡೇಬಿಡೋಣ."

ನೆವ್ಜಾತ್ ಗುಲಗಂಜಿಯಷ್ಟು ಎದ್ದ. ಹಳೇ ಲಾರಿ ಸ್ಟಾರ್ಟ್ ಆದಂತೆ ಕರಾಬಾಷ್ ಗುರುಗುಟ್ಟಿತು. ಕೂತ. ಕೈಯಿಂದ ಜಾರಿದ ಹೂಗುಚ್ಛದ ಮೇಲೆ ನಾಯಿ ಪಂಜ ಊರಿತು.

ಅಷ್ಟರಲ್ಲಿ ಕಿಟಕಿ ತೆರೆದು ಬೇಕಿರ್ ಆಗಾನ ಮೀಸೆ ಹೊರಬಂತು. "ಯಾಕಪ್ಪ, ಅಲ್ಲೇ ಕೂತೆ?"

"ಇದರ ಜೊತೆ ಮಾತಾಡ್ತಿದ್ದೆ ಆಗಾ. ಒಳ್ಳೇ ಸ್ವಭಾವ."

ಆಗಾ ಕಣ್ಣರಳಿಸಿದ. ಒಳಗೆ ಗುಸುಗುಸು ನಡೆಯಿತು. ಗುಲಿಜಾರ್ ಕಿಟಕಿಯಿಂದಲೇ ಬಗ್ಗಿ ಕಾಫಿ ಕೊಟ್ಟಳು. ವರನ ಕಾಫಿಗೆ ಹುಡುಗಿ ಉಪ್ಪು ಸುರಿಯುವುದು, ಅವನು ಮುಖ ಕಿವುಚದೆ ಕುಡಿಯುವುದು ಅಲ್ಲಿಯ ವಾಡಿಕೆ. ನೆವ್ಜಾತ್ ಗಟಗಟನೆ ಕುಡಿದ. ಒಣಗಿದ ನಾಲಿಗೆಗೆ ಉಪ್ಪೂ ತಿಳಿಯಲಿಲ್ಲ, ಕಾಫಿಯೂ ತಿಳಿಯಲಿಲ್ಲ.

"ದೇವರ ಅಪ್ಪಣೆಯಂತೆ ನಿಮ್ಮ ಮಗಳನ್ನ ನಮ್ಮ ಹುಡುಗನಿಗೆ ಕೊಡಿ," ಒಳಗೆ ಸೋದರಮಾವನ ದನಿ.

"ಕೊಟ್ಟೆ!" ಎಂದ ಬೇಕಿರ್ ಆಗಾ. "ಆ ನಾಯಿ ಕಣ್ಣಲ್ಲಿ ಕಣ್ಣಿಟ್ಟು ಇಷ್ಟೊತ್ತು ಕೂತ ಗಂಡಸನ್ನ ನಾನು ನೋಡೇ ಇಲ್ಲ!"

ನೆವ್ಜಾತನಿಗೆ ಅಳುವಷ್ಟು ಸಂತೋಷವಾಯಿತು. "ಹಾಗಾದ್ರೆ ಬನ್ನಿ ಮಾವ, ವಾಡಿಕೆಯಂತೆ ಹಿರಿಯರ ಕೈಗೆ ಮುತ್ತಿಡ್ಬೇಕು. ಬರೋವಾಗ ನಾಯೀನ ಸ್ವಲ್ಪ ಆಚೆ ಕರೀರಿ."

"ನಾನಾ?" ಮೀಸೆ ಗಕ್ಕನೆ ಒಳಗೆ ಸರಿಯಿತು. "ಕುರುಬ ಕೆಲಸ ಬಿಟ್ಟು ಹೋದಾಗಿಂದ ಅದು ಯಾರ ಮಾತೂ ಕೇಳಲ್ಲಪ್ಪ. ನಾವೆಲ್ಲ ಹಿತ್ತಿಲ ಕಿಟಕೀಲೇ ಹತ್ತಿ ಇಳೀತಿದೀವಿ. ನಿಮ್ಮಮ್ಮನ್ನ ಒಳಗೆ ಎಳ್ಕೊಳ್ಳೋಷ್ಟರಲ್ಲಿ ನಮ್ಮ ಸೊಂಟಾನೇ ಬಿದ್ದೋಯ್ತು. ಧೈರ್ಯದ ಅಳಿಯ ಬೇಕು ಅಂದದ್ದು ಮತ್ಯಾಕೆ? ಇನ್ಮೇಲೆ ಕುರಿ ನಿಂದು, ನಾಯಿ ನಿಂದು. ಬೇಸಿಗೆಯೆಲ್ಲ ಬೆಟ್ಟದ ಮೇಲೆ ಇಬ್ರೂ ಹಾಯಾಗಿರಿ!"

"ಮಗಾ, ಬೇಗ ಅದನ್ನ ಆಚೆ ಕಳ್ಸು," ಒಳಗಿನಿಂದ ಅಮ್ಮ ಕೂಗಿದಳು. "ನಾನು ಮತ್ತೆ ಆ ಕಿಟಕೀಲಿ ಇಳಿಯಲ್ಲ!"

ಕರಾಬಾಷ್ ಹೂಗುಚ್ಛದ ಮೇಲೆ ಗದ್ದವೂರಿ ಮಲಗಿತು; ಒಂದು ಕಣ್ಣು ಮಾತ್ರ ತೆರೆದಿತ್ತು. ನೆವ್ಜಾತ್ ಏಳಲು ಮೆಲ್ಲಗೆ ನೆಲಕ್ಕೆ ಕೈಯೂರಿದ. ಲಾರಿ ಮತ್ತೆ ಸ್ಟಾರ್ಟ್ ಆಯಿತು.

"ಗುಲಿಜಾರ್," ಎಂದ, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತ, "ಇನ್ನೊಂದು ಕಾಫಿ ಕೊಡ್ತೀಯಾ? ಉಪ್ಪಿದ್ರೂ ಪರವಾಗಿಲ್ಲ."