ಚಿಕ್ಕಮ್ಮ ಪಳಗಿಸಿದ ಪ್ರಾಣಿಗಳು

ನಮ್ಮ ಚಿಕ್ಕಮ್ಮ ಪಳಗಿಸದೆ ಬಿಟ್ಟ ಪ್ರಾಣಿ ಇಡೀ ಗಿರಿನಗರದಲ್ಲಿ ಒಂದೂ ಇಲ್ಲ. ಪ್ರಾಣಿ ಎಂದರೆ ನಾಯಿ, ಬೆಕ್ಕು ಎಂದುಕೊಂಡಿರಾ? ಪಾಪ, ಅವುಗಳ ತಂಟೆಗೆ ಅವರು ಹೋದವರಲ್ಲ. ನಾನು ಹೇಳುತ್ತಿರುವುದು ಎರಡು ಕಾಲಿನ ಪ್ರಾಣಿಗಳ ವಿಷಯ. ಮೊದಲನೆಯದು ನಮ್ಮ ಚಿಕ್ಕಪ್ಪ!

ಚಿಕ್ಕಮ್ಮ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಆ ಶಾಸ್ತ್ರದಲ್ಲಿ ಕನಸು ಕೆದಕುವವರಿದ್ದಾರಂತೆ, ಬಾಲ್ಯ ಬಗೆಯುವವರಿದ್ದಾರಂತೆ. ಚಿಕ್ಕಮ್ಮನಿಗೆ ಅದೆಲ್ಲ ಕಾಲಹರಣ. ಅವರು ಪಕ್ಕಾ ವರ್ತನಾವಾದಿ. "ಮನಸ್ಸಿನೊಳಗೆ ಯಾಕೆ ಇಣುಕಬೇಕು? ಮನುಷ್ಯ ಏನ್ ಮಾಡ್ತಾನೆ ನೋಡು. ಮಾಡಿದ್ಮೇಲೆ ಅವನಿಗೆ ಏನ್ ಸಿಗತ್ತೆ ನೋಡು. ಏನಾದ್ರೂ ಸಿಕ್ಕಿದ್ರೆ ಮತ್ತೆ ಮಾಡ್ತಾನೆ, ಸಿಗದೇ ಇದ್ರೆ ಬಿಡ್ತಾನೆ. ಇಷ್ಟೇ ಕಣೇ ಪ್ರಪಂಚ!" ಎನ್ನುತ್ತಾರೆ. ಇಷ್ಟನ್ನು ಹೇಳಿ ಸುಮ್ಮನಿರುವ ಜಾತಿಯೇ ಅವರದು? ಊಹೂಂ, ಮಾಡಿ ತೋರಿಸಲೇಬೇಕು.

ಚಿಕ್ಕಪ್ಪನಿಗೆ ಸ್ನಾನ ಮಾಡಿ ಬಂದು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವ ಚಾಳಿ. ಮದುವೆಯಾದ ಲಾಗಾಯ್ತು ಚಿಕ್ಕಮ್ಮ ಬೈದರು, ಅವರು ಎಸೆದರು. ಒಂದು ದಿನ ಚಿಕ್ಕಮ್ಮನಿಗೆ ಜ್ಞಾನೋದಯವಾಯಿತು. "ಇಷ್ಟು ವರ್ಷ ಪಾಠ ಮಾಡಿ ನನಗೇ ಹೊಳೀಲಿಲ್ವಲ್ಲೇ! ಬೆಳಗ್ಗೆ ಹೊತ್ತು ನಾನು ಅವರನ್ನ ಮಾತಾಡಿಸೋದೇ ಟವೆಲ್ ವಿಷಯಕ್ಕೆ. ಬೈಗುಳನೇ ಅವರಿಗೆ ಬಹುಮಾನ ಆಗ್ಬಿಟ್ಟಿದೆ!"

ಮರುದಿನದಿಂದ ಬೈಗುಳ ಬಂದ್. ಟವೆಲ್ ಹಾಸಿಗೆಗೆ ಬಿದ್ದರೆ ಮೌನ. ಅಕಸ್ಮಾತ್ ಕುರ್ಚಿಗೆ ಬಿದ್ದರೆ "ಆಹಾ!" ಎಂದು ಒಂದು ಕೋಡುಬಳೆ. ಕುರ್ಚಿ ರೂಢಿಯಾದ ಮೇಲೆ ಅದಕ್ಕೆ ಕೋಡುಬಳೆ ಇಲ್ಲ, ಬಾಗಿಲ ಮೇಲೆ ಹಾಕಿದರೆ ಮಾತ್ರ. ಆಮೇಲೆ ಬಾಗಿಲಿಗೂ ಇಲ್ಲ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಟವೆಲ್ ಹಿತ್ತಲಿನ ತಂತಿ ತಲುಪಿತು. ಅಮೋಘ ಯಶಸ್ಸು! ಒಂದೇ ತೊಂದರೆ. ಈಗ ಚಿಕ್ಕಪ್ಪ ಬಾಯಿ ಕೆಟ್ಟಾಗಲೆಲ್ಲ ಒಣಗಿದ ಟವೆಲನ್ನು ಮತ್ತೆ ನೆನೆಸಿ ತಂತಿಗೆ ಹಾಕುತ್ತಾರೆ!

ಮನೆ ಗೆದ್ದ ಮೇಲೆ ಚಿಕ್ಕಮ್ಮ ರಸ್ತೆಗೆ ಇಳಿದರು. ಇಟ್ಟಮಡು ಕಡೆಯ ರಸ್ತೆಯಲ್ಲಿ ಸಂಜೆ ಟ್ರಾಫಿಕ್ ಜಾಮ್ ಆದರೆ ಸ್ಕೂಟರುಗಳೆಲ್ಲ ಫುಟ್‌ಪಾತ್ ಹತ್ತುತ್ತವೆ. ಬೇರೆಯವರಾಗಿದ್ದರೆ ಕೂಗಾಡುತ್ತಿದ್ದರು. ಚಿಕ್ಕಮ್ಮ ಫುಟ್‌ಪಾತಿನ ಮೇಲೆ ನಿಂತು, ಹತ್ತಿ ಬಂದವರತ್ತ ಕಣ್ಣೂ ಹಾಯಿಸದೆ, ರಸ್ತೆಯಲ್ಲೇ ತಾಳ್ಮೆಯಿಂದ ನಿಂತವರಿಗೆ ಚಪ್ಪಾಳೆ ತಟ್ಟತೊಡಗಿದರು! ನಾನು ಪಕ್ಕದಲ್ಲೇ ಇದ್ದೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಟ್ರಾಫಿಕ್ ಪೊಲೀಸಿನವರು ಬಂದೇ ಬಿಟ್ಟರು.

"ಏನ್ ಮೇಡಂ, ಯಾವ ಪಾರ್ಟಿ?"

"ವರ್ತನಾವಾದಿ ಪಾರ್ಟಿ ಕಣಪ್ಪ."

"ಹೊಸದಾ? ಗುರುತೇನು ಮೇಡಂ?"

"ಚಪ್ಪಾಳೆ!"

ನಗಬೇಡಿ. ಕೆಲವು ವಾರಗಳ ನಂತರ ಅದೇ ರಸ್ತೆಯಲ್ಲಿ ಹೋಗುತ್ತಿದ್ದಾಗ, ಹೆಲ್ಮೆಟ್ ತೊಟ್ಟವನೊಬ್ಬ ಜಾಮಿನ ನಡುವಿನಿಂದ ಕೈ ಬೀಸಿ ಕೂಗಿದ: "ಆಂಟಿ, ಇವತ್ತು ರೋಡಲ್ಲೇ ಬಂದೆ! ಎಲ್ಲಿ, ಹೊಡೀರಿ ಚಪ್ಪಾಳೆ!" ಚಿಕ್ಕಮ್ಮ ತಟ್ಟಿದರು. ನಾನೂ ತಟ್ಟಿದೆ. ಬೀದಿಯಲ್ಲಿ ಹೆಮ್ಮೆಯಿಂದ ತಲೆಯೆತ್ತಿ ನಡೆಯುವುದು ಎಂದರೇನು ಎಂದು ನನಗೆ ತಿಳಿದದ್ದು ಆವತ್ತೇ.

ಸೋಲೇ ಇಲ್ಲವೇ ಎನ್ನುತ್ತೀರಾ? ಇದೆ. ಅವರ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಕಾರ್ಯದರ್ಶಿಗಳು ಬೆಳಗಾದರೆ ಶುಭೋದಯ, ಸುವಿಚಾರ, ಹಾಲು ಉಕ್ಕದಿರಲು ಉಪಾಯ ಎಂದು ಸುರಿಮಳೆ ಸುರಿಸುತ್ತಿದ್ದರು. "ಯಾರೂ ಉತ್ತರ ಕೊಡ್ಬೇಡಿ, ತಾನಾಗೇ ನಿಲ್ಲತ್ತೆ" ಎಂದು ಚಿಕ್ಕಮ್ಮ ಎಲ್ಲರಿಗೂ ತಾಕೀತು ಮಾಡಿದರು. ಎಲ್ಲರೂ ಮೌನ. ಆದರೂ ಮಳೆ ನಿಲ್ಲಲಿಲ್ಲ, ಜೋರಾಯಿತು! ಚಿಕ್ಕಮ್ಮ ಫೋನು ಹಿಡಿದು ತನಿಖೆಗೆ ಕೂತರು. "ದಿನಾ ಬಹುಮಾನ ಕೊಟ್ಟು ನಿಲ್ಲಿಸಿದ್ರೆ ಬೇಗ ಬಿಟ್ಬಿಡ್ತಾರೆ. ಯಾವಾಗ್ಲೋ ಒಂದ್ಸಲ, ಹೇಳದೆ ಕೇಳದೆ ಸಿಕ್ಕಿದ್ರೆ ಮಾತ್ರ ಬಿಡೋದೇ ಇಲ್ಲ. ಆಸೆ ನೋಡು! ಯಾರೋ ಮನೆಹಾಳರು ಆಗಾಗ ಈ ಕಾರ್ಯದರ್ಶಿಗೆ ಗುಲಾಬಿ ಹೂವಿನ ಇಮೋಜಿ ಕಳಿಸ್ತಿದಾರೆ..."

ಚಿಕ್ಕಪ್ಪ ಮೆಲ್ಲಗೆ ಎದ್ದು ಟವೆಲ್ ಹುಡುಕಿಕೊಂಡು ಹಿತ್ತಲಿಗೆ ನಡೆದರು.

ನೆಂಟರೆಲ್ಲ ಚಿಕ್ಕಮ್ಮನಿಗೆ ಒಂದು ಸುತ್ತು ಕಡಿಮೆ ಎಂದು ನಗುತ್ತಿದ್ದರು. ನಾನೂ ಇವನ್ನೆಲ್ಲ ತಮಾಷೆಯಾಗಿಯೇ ಹೇಳಿಕೊಂಡು ತಿರುಗುತ್ತಿದ್ದೆ, ಅಮ್ಮ ಬೀಳುವವರೆಗೆ.

ಅಮ್ಮ, ಎಂದರೆ ಚಿಕ್ಕಮ್ಮನ ಅಕ್ಕ, ಜೆ.ಪಿ. ನಗರದ ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದಾಳೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರು, "ಇನ್ನು ನಡೀಲೇಬೇಕು. ಮಲಗಿಬಿಟ್ರೆ ಮುಂದೆ ಏಳೋದು ಕಷ್ಟ" ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅಮ್ಮನಿಗೆ ನೆಲ ಕಂಡರೆ ಭಯ. ಕಾಲು ಊರಲು ಹೇಳಿದರೆ ಮಂಚದ ಸರಳು ಹಿಡಿದು ಅಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕೈ ಸವರಿದೆ, ಗೋಗರೆದೆ, ರೇಗಿದೆ. ದಿನದಿಂದ ದಿನಕ್ಕೆ ಅಮ್ಮ ಮಂಚಕ್ಕೇ ಅಂಟಿಕೊಂಡಳು.

ಚಿಕ್ಕಮ್ಮ ಬಂದು ಒಂದು ಬೆಳಗ್ಗೆ ಪೂರ್ತಿ ಮೂಲೆಯಲ್ಲಿ ಕೂತು ನಮ್ಮನ್ನು ನೋಡಿದರು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದರು.

"ಅವಳು ಏಳಲ್ಲ ಅಂದಾಗ ನೀನೇನ್ ಮಾಡ್ತೀಯ?"

"ಪಕ್ಕದಲ್ಲಿ ಕೂತ್ಕೊಂಡು ಸಮಾಧಾನ ಮಾಡ್ತೀನಿ."

"ಎದ್ದು ಒಂದ್ನಿಮಿಷ ನಿಂತ್ಲು ಅನ್ನು, ಆಗ?"

"ಸದ್ಯ ಅಂತ ಆಫೀಸಿಗೆ ಓಡ್ತೀನಿ."

"ಎದ್ರೆ ಮಗಳು ಹೊರಟುಹೋಗ್ತಾಳೆ, ಮಲಗಿದ್ರೆ ಪಕ್ಕದಲ್ಲಿರ್ತಾಳೆ. ನಮ್ಮಕ್ಕ ದಡ್ಡಿ ಅಲ್ಲ ಕಣೇ!"

ಮರುದಿನದಿಂದ ಚಿಕ್ಕಮ್ಮ ಗಿರಿನಗರದಿಂದ ದಿನಾ ಬಸ್ಸು ಹಿಡಿದು ಬರತೊಡಗಿದರು. ಕೋಡುಬಳೆ ತರಲಿಲ್ಲ. ತಂದದ್ದು ಒಂದು ಕಥೆ. ಜಯನಗರದಲ್ಲಿ ಅವರ ತವರಿನ ಪಕ್ಕದ ಮನೆಯಲ್ಲಿ, ಅಮ್ಮ ಮದುವೆಯಾಗಿ ಹೋದ ಮೇಲೆ ನಡೆದ ಒಂದು ಮದುವೆಯ ಗಲಾಟೆಯ ಕಥೆ. ಮಂಚದ ಪಕ್ಕ ಕೂತು, "ಮುಹೂರ್ತದ ಹೊತ್ತಿಗೆ ನೋಡ್ತಾರೆ, ವರನೇ ಇಲ್ಲ!" ಎಂದವರು ಎದ್ದು ಕಿಟಕಿಯ ಬಳಿ ಹೋಗಿ ಸುಮ್ಮನೆ ನಿಂತರು.

"ಆಮೇಲೆ? ಎಲ್ಲಿಗೆ ಹೋಗಿದ್ನೇ?" ಅಂದಳು ಅಮ್ಮ.

"ಮಲಗಿದವರಿಗೆ ಹೇಳೋ ಕಥೆ ಅಲ್ಲ ಇದು. ಕಾಲು ಇಳಿಬಿಡು, ಹೇಳ್ತೀನಿ."

ಅಮ್ಮ ಬೈದಳು. ಬೈಯುತ್ತಲೇ ಕಾಲು ಇಳಿಬಿಟ್ಟಳು. ಕಥೆ ಒಂದಿಷ್ಟು ಮುಂದುವರಿಯಿತು. ವರ ಸಿಕ್ಕಿದ್ದು ಅಮ್ಮ ವಾಕರ್ ಹಿಡಿದು ಕಿಟಕಿ ಮುಟ್ಟಿದ ದಿನ. ವಧುವೇ ಅವನನ್ನು ಓಡಿಸಿದ್ದು ಎಂದು ಗೊತ್ತಾದದ್ದು ಬಾಲ್ಕನಿಯಲ್ಲಿ. ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಅಮ್ಮ ನಡೆದ ಮೇಲೆಯೇ ಜೊತೆಗೆ ಕೂತು ಕಾಫಿ ಕುಡಿಯುವ ಅಭ್ಯಾಸ ಮಾಡಿಕೊಂಡೆ. ವಾಕರ್ ಹೋಗಿ ಕೋಲು ಬಂತು.

"ಇದೆಲ್ಲ ನಿಜವಾಗ್ಲೂ ನಡೆದಿತ್ತಾ ಚಿಕ್ಕಮ್ಮ?" ಎಂದು ಗುಟ್ಟಾಗಿ ಕೇಳಿದೆ.

"ವರ ಓಡಿಹೋಗಿದ್ದು ನಿಜ. ಮಿಕ್ಕಿದ್ದು ನಾನು ಕಟ್ಟಿದ್ದು, ಅವಳು ಲಿಫ್ಟ್ ತನಕ ನಡೆಯೋವರೆಗೂ ಕಥೆ ಎಳೀಬೇಕಿತ್ತಲ್ಲ!"

ಕಳೆದ ಭಾನುವಾರ ಕಾಲಿಂಗ್ ಬೆಲ್ ಆಯಿತು. ನಾನು ಏಳುವಷ್ಟರಲ್ಲಿ ಅಮ್ಮ, "ನೀನು ಕೂತಿರು" ಎಂದು ಕೋಲೂರಿ ತಾನೇ ಹೋಗಿ ಬಾಗಿಲು ತೆಗೆದಳು. ಹೊರಗೆ ಚಿಕ್ಕಮ್ಮ. ಒಳ್ಳೆಯದೇನು ಕಂಡರೂ ತಕ್ಷಣ ಬಾಯಿ ತುಂಬ ಹೊಗಳುವ ಅವರು ಆವತ್ತು ಅಕ್ಕನನ್ನು ನೋಡುತ್ತ ಹೊಸಿಲಾಚೆಯೇ ನಿಂತುಬಿಟ್ಟರು.

ಅಮ್ಮನ ಕಣ್ಣು ಕೆಳಗೆ ಹೋಯಿತು. ಚಿಕ್ಕಮ್ಮನ ಎರಡು ಪಾದಗಳೂ ಚಪ್ಪಲಿಯ ಪಟ್ಟಿ ಹುಗಿದುಹೋಗುವಷ್ಟು ಊದಿದ್ದವು.

"ಇದೇನೇ ಇದು, ಕಾಲು ಹೀಗಾಗಿದೆ! ಈ ಕಾಲಲ್ಲಿ ದಿನಾ ಬಸ್ಸು ಹತ್ತಿ ಇಳಿದ್ಯಾ? ಏನ್ ಸಿಗತ್ತೆ ಅಂತ ಬರ್ತಿದ್ದೆಯೇ ನೀನು?"

ಅಮ್ಮ ಕೋಲನ್ನು ಗೋಡೆಗೆ ಒರಗಿಸಿ, ತಂಗಿಯ ಎರಡೂ ಕೈ ಹಿಡಿದು, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಅವರನ್ನು ಒಳಗೆ ಕರೆತಂದಳು.