ಸಾವಕಾರರ ಜಾಗ

ತೊಂದರೆ ಶುರುವಾದದ್ದು ಹುಬ್ಬಳ್ಳಿಯಿಂದ ಬಂದ ತರಬೇತಿದಾರರೊಬ್ಬರ ಭಾಷಣದಿಂದ. "ನಿಮ್ಮ ಕೈಕೆಳಗಿನವನನ್ನು ನಿಮ್ಮ ಜಾಗಕ್ಕೆ ತಯಾರು ಮಾಡಿ. ಒಂದು ದಿನ ಅವನಿಗೆ ಎಲ್ಲ ಒಪ್ಪಿಸಿ ಮನೆಯಲ್ಲಿರಿ" ಎಂದು ಗಂಗಾವತಿಯ ಅಕ್ಕಿ ಗಿರಣಿ ಮಾಲೀಕರಿಗೆಲ್ಲ ಹೇಳಿ, ಊಟ ಮಾಡಿ, ಅವರು ಹೋಗಿಬಿಟ್ಟರು.

ಮರುದಿನ ವಿರುಪಣ್ಣ ಸಾವಕಾರರು ಕೀಲಿಗೊಂಚಲನ್ನು ಗುಮಾಸ್ತ ಹುಲಿಗೇಶನ ಕೈಗಿಟ್ಟರು.

"ಸಂಜಿತನಕ ನನ್ನ ಒಂದ ಮಾತೂ ಕೇಳದಂಗ ಗಿರಣಿ ನಡಸು. ನಡಸಿದ್ಯೋ, ನನ್ನ ಜಾಗಾದಾಗ ನೀನ!"

ಹೆಂಡತಿ ಶಾಂತಕ್ಕನ ಕೈಯ ಚಹಾ ಕುಡಿಯುತ್ತ ಕಾಲು ಚಾಚಿ ಕೂಡ್ರುವ ಆಸೆಯಿಂದ ಅವರು ಮನೆಗೆ ನಡೆದರು.

ಇಷ್ಟು ವರ್ಷ "ಸಾವಕಾರ್ರನ್ನ ಕೇಳಿ ಹೇಳ್ತೀನ್ರಿ" ಎಂಬ ಒಂದೇ ಮಾತಿನಲ್ಲಿ ನೌಕರಿ ಸಾಗಿಸಿದ್ದ ಹುಲಿಗೇಶ ಹಲ್ಲು ಕಚ್ಚಿದ. ಇವತ್ತು ಆ ಮಾತು ಬಾಯಿಂದ ಬರಕೂಡದು.

ಮಷೀನು ಶುರುವಾಗುತ್ತಲೇ ದೊಡ್ಡ ಬೆಲ್ಟು ಹರಿಯಿತು.

"ತಮ್ಮಾ, ಸಾವಕಾರ್ರಿಗೆ ಒಂದ ಫೋನ್ ಹಚ್ಚೋಣು," ಎಂದ ಹಳೆಯ ಹಮಾಲ ಕಳಕಪ್ಪ.

"ಬ್ಯಾಡ. ಹೊಲಿ ಅದನ್ನ."

ಹೊಲಿಯುವಷ್ಟರಲ್ಲಿ ಮೋಡ ಕವಿದು, ಅಂಗಳದಲ್ಲಿ ಹರವಿದ್ದ ಭತ್ತದ ಮೇಲೆ ಹನಿ ಉದುರಿದವು.

"ಈಗರ ಫೋನ್..."

"ಫೋನ್ ಏನ್ ಭತ್ತಾ ಮುಚ್ಚತೈತೇನು? ತಾಡಪಲ್ ತಗೋ!"

ತಾಡಪಲ್ಲಿನ ತುದಿ ಹಿಡಿದ ಹುಲಿಗೇಶನನ್ನು ಗಾಳಿ ಎಳೆದೊಯ್ದು ತೌಡಿನ ಗುಡ್ಡೆಗೆ ಕೆಡವಿತು. ಹಿಟ್ಟಿನಲ್ಲದ್ದಿ ಎಣ್ಣೆಗೆ ಬಿಡಲು ತಯಾರಾದ ಮಿರ್ಚಿಯಂತೆ ಅವನು ಎದ್ದುಬಂದ. ತುದಿ ಮಾತ್ರ ಬಿಟ್ಟಿರಲಿಲ್ಲ.

ಆಗ ಫೋನೇ ರಿಂಗಾಗತೊಡಗಿತು.

"ಸಾವಕಾರ್ರ ಇರಬೇಕು. ಎತ್ತು."

"ಪರೀಕ್ಷಾ ಮಾಡಾಕತ್ಯಾರ. ಎತ್ತಿದ್ರ ನಾ ಫೇಲು!"

ಮತ್ತೆ ರಿಂಗಾಯಿತು. ಮತ್ತೂ ರಿಂಗಾಯಿತು. ಹುಲಿಗೇಶ ಅದನ್ನು ಖಾಲಿ ಚೀಲದೊಳಗೆ ತುರುಕಿ, ಸುತ್ತ ಅಕ್ಕಿ ಚೀಲ ಒಟ್ಟಿದ. ಅದು ಒಳಗಿನಿಂದಲೇ ಬೆಕ್ಕಿನ ಮರಿಯಂತೆ ಕುಂಯ್‌ಗುಡುತ್ತಿತ್ತು.

ಸಂಜೆಗೆ ಭತ್ತ ಉಳಿದಿತ್ತು, ಹೊಲಿದ ಬೆಲ್ಟು ತಿರುಗುತ್ತಿತ್ತು, ಅಕ್ಕಿಯ ಲಾರಿ ಹೊರಟಿತ್ತು. ಹುಲಿಗೇಶ ಮೊದಲ ಸಲ ಸಾವಕಾರರ ಕುರ್ಚಿಯಲ್ಲಿ ಕುಳಿತ. ತುದಿಯಲ್ಲಿ.

ಬಾಗಿಲಲ್ಲಿ ವಿರುಪಣ್ಣ ನಿಂತಿದ್ದರು. ಮೀಸೆಗೆ ಜೇಡರ ಬಲೆ, ಮೊಣಕೈತನಕ ಹುಣಸೆಹಣ್ಣು.

"ಯಾಕಲೇ ಫೋನ್ ಎತ್ತಲಿಲ್ಲ?"

"ಪರೀಕ್ಷಾ ಅಂತ ತಿಳದೆ, ಸಾವಕಾರ್ರ."

"ಎಂಥಾ ಪರೀಕ್ಷಾ! ಗಿರಣ್ಯಾಗ ಏನರ ಕೆಟ್ಟೈತಿ, ಲಗೂ ಬರ್ರಿ ಅಂತ ಕರಿತಿ ಅನ್ಕೊಂಡಿದ್ನಲ್ಲೋ! ಮುಂಜಾನಿಂದ ನಿಮ್ಮ ಶಾಂತಕ್ಕ ಅಟ್ಟದ ಹಿತ್ತಾಳಿ ಪಾತ್ರೆ ಎಲ್ಲಾ ನನ್ನ ಕಡಿಂದ ತಿಕ್ಕಿಸ್ಯಾಳ."

ಹುಲಿಗೇಶ ತಲೆ ತಗ್ಗಿಸಿ ಎದ್ದು ನಿಂತ. ಸಾವಕಾರರು ಗಿರಣಿಯನ್ನೊಂದು ಸುತ್ತು ಹಾಕಿ ಬಂದರು. ಮುಖ ಅರಳಿತ್ತು.

"ಶಾಬಾಸ್! ಮಾತಂದ್ರ ಮಾತು. ನಾಳಿಂದ ನನ್ನ ಜಾಗಾದಾಗ ನೀನ."

ಹುಲಿಗೇಶ ಕಣ್ತುಂಬಿ ಕಾಲಿಗೆ ಬಿದ್ದ. ಏಳುವಷ್ಟರಲ್ಲಿ ಸಾವಕಾರರು ಕುರ್ಚಿಯಲ್ಲಿ ಒರಗಿ ಕುಳಿತಿದ್ದರು. ಕೀಲಿಗೊಂಚಲು ಅವರ ಸೊಂಟ ಸೇರಿತ್ತು.

"ಮುಂಜಾನಿ ಲಗೂನ ನಮ್ಮ ಮನಿಗೆ ಹೋಗು. ಇನ್ನೊಂದ ಅಟ್ಟ ಉಳದೈತಿ. ಮತ್ತ ನನಗ ಫೋನ್ ಮಾಡಬ್ಯಾಡ. ನಾ ಎತ್ತಂಗಿಲ್ಲ."